ಕಡ್ಲೆಕಾಯಿಗೆ ನೀರು ಚಿಮುಕಿಸ್ತಿದ್ದ ನಾನು ಟ್ರೈನಿಂಗ್ ಕೊಡೋಕೆ ಹೊರಟಿದ್ದು

ಹೋದ ವಾರ ಮಿಡಿಗೇಶಿ ಹೋಬಳಿಯ ಒಂದು ಹಳ್ಳೀಲಿ ಸ್ತ್ರೀಶಕ್ತಿ ಸಂಘದವರಿಗೆ ಆಹಾರ ಸುರಕ್ಷತೆ ಬಗ್ಗೆ ಅರ್ಧ ದಿನ ಹೇಳಿಕೊಟ್ಟು ಬಂದೆ. ಹನ್ನೆರಡು ಜನ, ತಲೆಗೆ 150 ರೂಪಾಯಿ. ಪೆಟ್ರೋಲು, ಜೆರಾಕ್ಸು ಕಳೆದು ಉಳಿದಿದ್ದು ಎರಡು ಆಳಿನ ಕೂಲಿಯಷ್ಟು. "ಇದೂ ಒಂದು ಬಿಸಿನೆಸ್ಸಾ?" ಅಂತ ಮನೇಲೇ ಕೇಳ್ತಾರೆ. ನಿಮ್ಮಲ್ಲೂ ಸುಮಾರು ಜನ ಕೇಳಿದ್ರಿ, ಅದಕ್ಕೇ ಬರೀತಿದೀನಿ.

ಶುರುವಾಗಿದ್ದು ನನ್ನದೇ ತಪ್ಪಿಂದ. ಎರಡು ವರ್ಷದ ಹಿಂದೆ ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಕೊರಟಗೆರೆ ಕಡೆ ಚಿಕ್ಕಿ ಮಾಡೋ ಒಂದು ಗುಂಪಿಗೆ ಬೀಜ ಕೊಡ್ತೀನಿ ಅಂತ ಒಪ್ಕೊಂಡಿದ್ದೆ. ಬಿಡಿಸೋ ಮಿಶನ್‌ಗೆ ಹಾಕೋ ಹಿಂದಿನ ರಾತ್ರಿ, ನಾವೆಲ್ಲ ಮಾಡೋ ಹಾಗೇ, ರಾಶಿಗೆ ನೀರು ಚಿಮುಕಿಸಿ ಟಾರ್ಪಾಲು ಹೊದಿಸಿದೆ. ಬೀಜ ಹೋಳಾಗಲ್ಲ ಅಂತ. ತೂಕಾನೂ ಬರುತ್ತೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. ಬೆಳಿಗ್ಗೆ ಬಿಡಿಸಿ, ಒಣಗಿಸದೇ ಚೀಲಕ್ಕೆ ತುಂಬಿದೆ. ಹದಿನೈದು ದಿನ ಬಿಟ್ಟು ಬಿಚ್ಚಿದ್ರೆ ಮುಗ್ಗಲು ವಾಸನೆ, ಅಲ್ಲಲ್ಲಿ ಹಳದಿ-ಹಸಿರು ಬೂಷ್ಟು.

ಬೂಷ್ಟು ಆರಿಸಿ ತೆಗೆದು ಕೊಟ್ಟುಬಿಡೋಣ ಅಂತಾನೇ ಇದ್ದೆ. ಸುಳ್ಳು ಯಾಕೆ ಹೇಳ್ಲಿ. ಚಿಕ್ಕಿ ಗುಂಪಿನ ಅಕ್ಕ ಒಬ್ರು ಮೂಸಿ ನೋಡಿ, "ಅಣ್ಣ, ಇದನ್ನ ಲ್ಯಾಬಿಗೆ ಕಳಿಸೋಣ, ನಾವು ಅಂಗನವಾಡಿ ಮಕ್ಕಳ ಮುಂದೇನೇ ಮಾರೋದು" ಅಂದ್ರು. ರಿಪೋರ್ಟು ಬಂತು. ಅಫ್ಲಾಟಾಕ್ಸಿನ್ ಮಿತಿಗಿಂತ ಎಷ್ಟೋ ಜಾಸ್ತಿ. ಮುಂದೆ ಸಂಸ್ಕರಣೆ ಮಾಡೋ ಕಡ್ಲೆಬೀಜಕ್ಕೆ ನಮ್ಮ ದೇಶದ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಒಂದು ಟನ್ ಬೀಜದಲ್ಲಿ 15 ಮಿಲಿಗ್ರಾಂ, ಅಂದ್ರೆ ಒಂದು ಚಿಟಿಕೆ ಉಪ್ಪಿಗಿಂತ ಕಮ್ಮಿ.

ಗಾಣಕ್ಕೆ ಹಾಕಿಬಿಡು ಅಂದ್ರು ಗೊತ್ತಿರೋರು. ಅಲ್ಲೇ ನಾವು ಎಡವೋದು. ಈ ವಿಷ ಹುರಿದ್ರೂ ಪೂರ್ತಿ ಹೋಗಲ್ಲ. ಎಣ್ಣೆ ತೆಗೆದಾಗ ಬಹುಪಾಲು ಹಿಂಡಿಗೆ ಹೋಗುತ್ತೆ, ಗಾಣದೆಣ್ಣೇಲೂ ಸ್ವಲ್ಪ ಉಳಿಯುತ್ತೆ. ಹಿಂಡಿ ತಿಂದ ಹಸುವಿನ ಹಾಲಿಗೂ ಬರುತ್ತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ಬಂದ ಕಡ್ಲೆಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿ ಸತ್ತಾಗಲೇ ಇದು ಪತ್ತೆಯಾಗಿದ್ದು. ನನ್ನ ಮೊಮ್ಮಗಳು ಕುಡಿಯೋದು ಕೊಟ್ಟಿಗೆ ಹಸುವಿನ ಹಾಲು. ಹನ್ನೊಂದು ಚೀಲ ಗುಂಡಿ ತೋಡಿ ಮುಚ್ಚಿದೆ. ನಮ್ಮಾಕೆ ಎರಡು ದಿನ ಮಾತಾಡಿಸಲಿಲ್ಲ.

ಆಮೇಲೆ ಫಾಸ್ಟ್ಯಾಕ್ ಟ್ರೈನಿಂಗ್‌ಗೆ ಹೋದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅದೇ ಎಫ್‌ಎಸ್‌ಎಸ್‌ಎಐ, ನಡೆಸೋದು. ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತೆ. ಒಂದು ತೇವಾಂಶ ಮೀಟರ್ ಕೊಂಡ್ಕೊಂಡೆ. ಅಲ್ಲಿಂದ ಊರೂರು ತಿರುಗ್ತಿದೀನಿ. ಶಿರಾದಲ್ಲಿ ಒಬ್ಬ ಗಾಣದವರು, ಪಾವಗಡ ಕಡೆ ಹುಣಸೆಹಣ್ಣು ಬಿಡಿಸೋ ಎರಡು ಗುಂಪು, ಇಷ್ಟೇ ಸದ್ಯಕ್ಕೆ ಖಾಯಂ ಗಿರಾಕಿ.

ಒಂದು ಬೇಜಾರು ಹೇಳ್ಲೇಬೇಕು. ಜನಕ್ಕೆ ಬೇಕಿರೋದು ಪತ್ರ, ಒಣಗಿಸೋದಲ್ಲ. "ಲೈಸೆನ್ಸ್ ಮಾಡಿಸ್ಕೊಡಿ ಸಾಕು" ಅಂತಾರೆ. ನೀವು ಬೆಳೆದ ಕಾಯಿ ಹಾಗೇ ಮಾರೋಕೆ ಅದು ಬೇಕಾಗಿಲ್ಲ. ಬೆಲ್ಲ ಸೇರಿಸಿ ಚಿಕ್ಕಿ ಮಾಡಿದ್ರೆ, ಎಣ್ಣೆ ತೆಗೆದು ಮಾರಿದ್ರೆ ಬೇಕು. ಸಣ್ಣವರಿಗೆ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ ಅಂತ ನಾನು ಮೊದಲೇ ಹೇಳಿಬಿಡ್ತೀನಿ. ಏಜೆಂಟ್ ಥರ ಸಾವಿರಗಟ್ಟಲೆ ಕೀಳಬಹುದಿತ್ತು, ಬಿಸಿನೆಸ್ ಅಲ್ಲೇ ಇದೆ ಅಂತ ಅಳಿಯ ಬೈತಾನೆ.

ನೀರು ಚಿಮುಕಿಸೋದು ಮಾತ್ರ ಇನ್ನೂ ನಿಂತಿಲ್ಲ. ನಮ್ಮ ಸೋದರಮಾವನೇ ಬಿಡಿಸೋ ಮಿಶನ್ ಇಟ್ಟಿದಾರೆ. "ನೀರು ಹಾಕದಿದ್ರೆ ಹೋಳು ಜಾಸ್ತಿ, ಹೋಳಿಗೆ ರೇಟು ನೀನು ಕೊಡ್ತೀಯಾ?" ಅಂದ್ರು. ಅವರ ಮಾತೂ ನಿಜವೇ, ಆ ನಷ್ಟ ತುಂಬಿಕೊಡೋರು ಯಾರೂ ಇಲ್ಲ. ಕಾಯಿನ ದಪ್ಪ-ಸಣ್ಣ ಬೇರೆ ಮಾಡಿ, ಜಾಲರಿ ಅದಕ್ಕೆ ಸರಿಯಾಗಿ ಹೊಂದಿಸಿದ್ರೆ ಹೋಳು ಕಮ್ಮಿಯಾಗುತ್ತೆ, ಪೂರ್ತಿ ನಿಲ್ಲಲ್ಲ. ನೀರು ಹಾಕ್ಲೇಬೇಕಾದ್ರೆ ಬಿಡಿಸಿದ ದಿನವೇ ಬೀಜ ಒಣಗಿಸಿ ಅಂದೆ. ಒಂದು ವಾರ ಮಾಡಿ ನೋಡ್ತೀನಿ ಅಂದಿದಾರೆ.

ಮನೇಲೇ ನೋಡ್ಕೊಳ್ಳಿ: ಕಾಯಿ ಅಲ್ಲಾಡಿಸಿದ್ರೆ ಗಲಗಲ ಅನ್ಬೇಕು, ಬೀಜ ಉಜ್ಜಿದ್ರೆ ಸಿಪ್ಪೆ ಬಿಡ್ಬೇಕು. ಮೀಟರಲ್ಲಾದ್ರೆ ಬೀಜದ ತೇವ 7-8 ದಾಟಬಾರದು. ಭಾನುವಾರ ಮನೇಲೇ ಇರ್ತೀನಿ, ಮಾವನ ಬೀಜ ನೋಡೋದಿದೆ. ನಿಮ್ಮದೂ ಒಂದು ಸೇರು ತನ್ನಿ, ಮೀಟರ್ ಇಟ್ಟು ನೋಡೋಣ. ದುಡ್ಡೇನೂ ಬೇಡ.