ಮೂಗಿನೊಳಗೊಂದು ಸಂಶೋಧನೆ

ದಿನಕ್ಕೆ ಎಷ್ಟು ಸಲ ಮೂಗಿಗೆ ಬೆರಳು ಹಾಕ್ತೀರಿ?

ಸಿಟ್ಟಾಗಬೇಡಿ. ಈ ಪ್ರಶ್ನೆ ನನ್ನದಲ್ಲ, ನಿಮ್ಹಾನ್ಸ್‌ನದು. ಅಲ್ಲಿನ ಚಿತ್ತರಂಜನ್ ಆಂಡ್ರಾಡೆ ಮತ್ತು ಬಿ.ಎಸ್. ಶ್ರೀಹರಿ ಎಂಬ ಇಬ್ಬರು ವೈದ್ಯರು ಬೆಂಗಳೂರಿನ ನಾಲ್ಕು ಶಾಲೆಗಳ 200 ಮಕ್ಕಳಿಗೆ ಇದನ್ನೇ ಕೇಳಿದರು. ಎಲ್ಲ ಹದಿಹರೆಯದವರು. ಬಂದ ಉತ್ತರಗಳು 2001ರಲ್ಲಿ ಮನೋವೈದ್ಯರ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದವು.

ಹೆಚ್ಚುಕಡಿಮೆ ಎಲ್ಲರೂ 'ಹಾಕ್ತೀವಿ' ಅಂತ ಒಪ್ಪಿಕೊಂಡಿದ್ದರು. ಮಕ್ಕಳನ್ನ ಲೆಕ್ಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರೋರು ದಿನಕ್ಕೆ 4 ಸಲದವರು. ಶೇ 7.6ರಷ್ಟು ಮಂದಿ 20 ಸಲ ದಾಟಿದ ಸಾಧಕರು. ಬಡವರ ಮಕ್ಕಳು, ಶ್ರೀಮಂತರ ಮಕ್ಕಳು ಅನ್ನೋ ವ್ಯತ್ಯಾಸವೇ ಕಾಣಲಿಲ್ಲವಂತೆ. ನಮ್ಮ ದೇಶದಲ್ಲಿ ಸಮಾನತೆ ಪೂರ್ತಿಯಾಗಿ ಜಾರಿಗೆ ಬಂದಿರೋ ಜಾಗ ಯಾವುದು ಅಂತ ಇನ್ನು ಯಾರಾದರೂ ಕೇಳಿದರೆ ಧೈರ್ಯವಾಗಿ ಉತ್ತರ ಹೇಳಬಹುದು. ಈ ಚಟಕ್ಕೆ ವೈದ್ಯರು ಇಟ್ಟಿರೋ ಹೆಸರು ರೈನೋಟಿಲೆಕ್ಸೋಮೇನಿಯಾ. ಹೆಸರು ಹೇಳಿ ಮುಗಿಸೋದ್ರೊಳಗೆ ಕೆಲಸ ಮುಗಿದಿರುತ್ತೆ.

ಅದೇ ವರ್ಷ ಇವರಿಬ್ಬರಿಗೂ ಇಗ್ ನೊಬೆಲ್ ಬಂತು. ನೊಬೆಲ್ ಅಲ್ಲ, ಇಗ್ ನೊಬೆಲ್. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗಾಗಿ ಅಮೆರಿಕದ ಮಾರ್ಕ್ ಅಬ್ರಹಾಂಸ್ 1991ರಲ್ಲಿ ಶುರುಮಾಡಿದ ಬಹುಮಾನ ಇದು. ನಿಜವಾದ ನೊಬೆಲ್ ಪಡೆದವರೇ ಬಂದು ಇದನ್ನ ಕೊಡ್ತಾರೆ. ಭಾಷಣ ಉದ್ದವಾದರೆ ಪುಟ್ಟ ಹುಡುಗಿಯೊಬ್ಬಳು ವೇದಿಕೆಗೆ ಬಂದು 'ದಯವಿಟ್ಟು ನಿಲ್ಲಿಸಿ, ನನಗೆ ಬೋರಾಗ್ತಿದೆ' ಅಂತ ಬಾಯಿ ಮುಚ್ಚಿಸೋ ವರೆಗೂ ರಾಗ ಎಳೀತಾಳೆ. ಸೋಮವಾರದ ಮೀಟಿಂಗುಗಳಿಗೆ ಇಂಥವಳೊಬ್ಬಳು ಬೇಕು ಅಂತ ನಮ್ಮ ಟೀಮಿನವರ ಬಹಳ ದಿನದ ಬೇಡಿಕೆ. ಆ ವೇದಿಕೆ ಮೇಲೆ ಆಂಡ್ರಾಡೆ ಹೇಳಿದ್ದರ ಭಾವಾರ್ಥ ಇಷ್ಟು: ಕೆಲವರು ಬೇರೆಯವರ ವ್ಯವಹಾರದಲ್ಲಿ ಮೂಗು ತೂರಿಸ್ತಾರೆ, ನಾನು ಬೇರೆಯವರ ಮೂಗಿನಲ್ಲಿ ನನ್ನ ವ್ಯವಹಾರ ತೂರಿಸಿದೆ.

ಹೋದ ಸಲ ಊರಿಗೆ ಹೋದಾಗ ಈ ಕಥೆಗಳನ್ನೆಲ್ಲ ಅವ್ವನಿಗೆ ಹೇಳ್ತಾ ಕೂತಿದ್ದೆ. ನಮ್ಮೂರು ಮುಂಡರಗಿ ಹತ್ತಿರದ ಸಿಂಗಟಾಲೂರು. ತುಂಗಭದ್ರೆಯ ದಂಡೆ, ಗುಡ್ಡದ ಮೇಲೆ ವೀರಭದ್ರೇಶ್ವರ. ಅವ್ವ ಗೌರಿಯ ಹಾಲು ಕರೀತಿದ್ದಳು. ಗೌರಿ ನಮ್ಮ ಆಕಳು. ಹಾಗಾಗಿ ಇಂಗ್ಲೆಂಡಿನ ಆಕಳ ವಿಷಯ ತೆಗೆದೆ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕ್ಯಾಥರೀನ್ ಡಗ್ಲಸ್ ಮತ್ತು ಪೀಟರ್ ರೌಲಿನ್ಸನ್ ಅಲ್ಲಿನ 516 ರೈತರನ್ನ ವಿಚಾರಿಸಿದಾಗ, ಹಸುಗಳಿಗೆ ಹೆಸರಿಟ್ಟು ಕರೆಯೋರ ಮನೆಯಲ್ಲಿ ಒಂದು ಹಸು ವರ್ಷಕ್ಕೆ ಸುಮಾರು 258 ಲೀಟರ್ ಹಾಲು ಜಾಸ್ತಿ ಕೊಡ್ತಿತ್ತಂತೆ. ಇದಕ್ಕೆ 2009ರಲ್ಲಿ ಇಗ್ ನೊಬೆಲ್.

ಅವ್ವ ಕೈ ನಿಲ್ಲಿಸಲಿಲ್ಲ. "ಇದಕ್ಕೂ ಪ್ರೈಜ್ ಕೊಡ್ತಾರೇನೋ ತಮ್ಮಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹೆಸರಿಟ್ಟಾಕಿ ಮೈ ತಿಕ್ಕತಾಳ, ಹೊತ್ತಿಗೆ ಸರಿಯಾಗಿ ಮೇವು ಹಾಕ್ತಾಳ. ಹಾಲು ಹೆಸರಿಗೆ ಬರೂದಿಲ್ಲೋ, ಮೇವಿಗೆ ಬರ್ತೈತಿ," ಅಂದಳು.

ನಾನು ಸುಮ್ಮನಾದೆ. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನೋ ಹಾಗಿಲ್ಲ ಅಂತ ಡೇಟಾ ಸೈನ್ಸ್ ಕೋರ್ಸಿನಲ್ಲಿ ಮೂರು ವಾರ ಪಾಠ ಮಾಡಿದ್ದರು. ಅವ್ವ ಒಂದು ತಂಬಿಗೆ ಹಾಲು ತುಂಬೋದ್ರೊಳಗೆ ಮುಗಿಸಿದಳು. ಆ ಸಂಶೋಧಕರೂ ಒಂದೊಂದು ಹಸುವಿಗೆ ಸಿಗೋ ಅಕ್ಕರೆಯ ಬಗ್ಗೆಯೇ ಹೇಳಿದ್ದು. ಅವರಿಗೆ ಹೆಸರು ಅದರ ಗುರುತು ಅಷ್ಟೇ.

ಇಂಥ ಸಂಶೋಧನೆ ಕೇಳಿದಾಗ ನಾವೆಲ್ಲ ಮೊದಲು ಅನ್ನೋದು 'ಮಾಡೋಕೆ ಬೇರೆ ಕೆಲಸ ಇರಲಿಲ್ವಾ?' ಅಂತ. 2002ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ.ಪಿ. ಶ್ರೀಕುಮಾರ್ ಮತ್ತು ಜಿ. ನಿರ್ಮಲನ್ ಅವರಿಗೆ ಗಣಿತದ ಇಗ್ ನೊಬೆಲ್ ಬಂತು. ಆನೆಯ ಮೈಯ ಒಟ್ಟು ಹೊರ ವಿಸ್ತೀರ್ಣ ಎಷ್ಟು ಅಂತ ಲೆಕ್ಕ ಹಾಕಿದ್ದಕ್ಕೆ. ಆನೆಗೆ ಪೇಂಟ್ ಬಳಿಯೋ ಕಾಂಟ್ರ್ಯಾಕ್ಟ್ ಹಿಡಿದಿದ್ದರಾ ಅಂತ ನಗಬಹುದು. ಆದರೆ ಪ್ರಾಣಿಯೊಂದರ ಮೈಯಿಂದ ಎಷ್ಟು ಶಾಖ ಹೊರಗೆ ಹೋಗುತ್ತೆ ಅನ್ನೋದು ತಿಳಿಬೇಕಾದರೆ ಚರ್ಮ ಎಷ್ಟಿದೆ ಅಂತ ಗೊತ್ತಿರಬೇಕು. ಆನೆಯನ್ನ ಮಲಗಿಸಿ ಟೇಪು ಸುತ್ತೋಕಾಗಲ್ಲ. ಅದಕ್ಕೇ ಅವರು ಎತ್ತರ ಮತ್ತು ಮುಂಗಾಲಿನ ಪಾದದ ಸುತ್ತಳತೆ ಇಷ್ಟರಿಂದಲೇ ಅಂದಾಜು ಸಿಗೋ ಸೂತ್ರ ಕೊಟ್ಟರು. ದೇಶದಲ್ಲೇ ಹೆಚ್ಚು ಆನೆಗಳಿರೋ ರಾಜ್ಯದವರು ನಾವು, ನಕ್ಕ ಮೇಲೆ ಒಂದು ನಮಸ್ಕಾರವನ್ನೂ ಹಾಕಬೇಕು.

ಮತ್ತೆ ಮೂಗಿಗೇ ಬರ್ತೀನಿ. ನಿಮ್ಹಾನ್ಸ್ ವರದಿಯಲ್ಲಿ ಇನ್ನೂ ಎರಡು ಅಂಕಿಗಳಿವೆ, ಅವನ್ನ ಯಾರೂ ಜೋಕಿಗೆ ಬಳಸಲ್ಲ. ಶೇ 25ರಷ್ಟು ಮಕ್ಕಳಿಗೆ ಬೆರಳು ಹಾಕಿ ಹಾಕಿ ಆಗಾಗ ಮೂಗಿನಿಂದ ರಕ್ತ ಬರ್ತಿತ್ತು. ಸುಮಾರು ಶೇ 17ರಷ್ಟು ಮಕ್ಕಳು 'ಇದು ನನಗೆ ಗಂಭೀರ ಸಮಸ್ಯೆ' ಅಂದುಕೊಂಡಿದ್ದರು. ಅಂದರೆ 200ರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. ಉಗುರು ಕಚ್ಚೋದು, ಕೂದಲು ಕೀಳೋದು, ಒಂದೇ ಜಾಗ ಕೆರೆಯೋದು ಇಂಥವೂ ಸಾಕಷ್ಟು ಮಕ್ಕಳಲ್ಲಿದ್ದವು. ಬಿಡಬೇಕು ಅನಿಸುತ್ತೆ, ಆಗಲ್ಲ, ಯಾರಿಗಾದರೂ ಹೇಳೋಣ ಅಂದರೆ ನಾಚಿಕೆ. ವೈದ್ಯರು ಕೇಳಿದ್ದಕ್ಕೆ ಅದು ಹೊರಗೆ ಬಂತು.

ನನ್ನ ಅಕ್ಕನ ಮಗನಿಗೆ ಹದಿಮೂರು ವರ್ಷ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಹಸಿ ಗಾಯ ಮಾಡಿಕೊಂಡಿರ್ತಾನೆ. ಮನೆಯವರು ಬೈದಾಯ್ತು, ಬೇವಿನೆಣ್ಣೆ ಹಚ್ಚಿದ್ದಾಯ್ತು, ಬಂದ ನೆಂಟರೆಲ್ಲ ಕೈ ಮೇಲೆ ಒಂದು ಹೊಡೆದು ಹೋಗಿದ್ದಾಯ್ತು. ಎಷ್ಟು ಸಲ, ಯಾವಾಗ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಅವತ್ತು ಸಂಜೆ ಹೊಳೆ ಕಡೆ ಹೋದಾಗ ನಿಮ್ಹಾನ್ಸ್ ಕಥೆ ಹೇಳಿ ನಗಿಸಿ, ಆಮೇಲೆ ಕೇಳಿದೆ.

"ಖರೇ ಹೇಳ್ಲಿ ಮಾಮಾ? ಎಣಿಸಿಲ್ಲ," ಅಂದ. ಸ್ವಲ್ಪ ದೂರ ನಡೆದ ಮೇಲೆ ತಾನೇ ಹೇಳಿದ: "ಗಣಿತದ ಪಿರಿಯಡ್‌ನ್ಯಾಗ ಭಾಳ. ಬೋರ್ಡ್ ಹತ್ರ ಕರೀತಾರಂತ ಅಂಜಿಕಿ ಬರ್ತೈತಿ."

ಬೇವಿನೆಣ್ಣೆಗೆ ಈ ಉತ್ತರ ಸಿಕ್ಕಿರಲಿಲ್ಲ.

ಒಂದು ವಾರ ಎಣಿಸಿ ನನಗೆ ಕಳಿಸು ಅಂದೆ. ಇಂಥ ಅಭ್ಯಾಸ ಬಿಡಿಸೋ ಚಿಕಿತ್ಸೆಯಲ್ಲೂ ಅದು ಯಾವಾಗ ಆಗ್ತಿದೆ ಅಂತ ಗಮನಿಸೋದೇ ಮೊದಲ ಹೆಜ್ಜೆ. ಈಗ ದಿನಾ ರಾತ್ರಿ ಅಕ್ಕನ ಫೋನಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ನಂಬರ್ ಬರುತ್ತೆ. ಮೊದಲ ದಿನ 23. ನಿನ್ನೆ 14. ಭಾನುವಾರ ಬರೀ 3, ಅವತ್ತು ಗಣಿತ ಇಲ್ಲ. ಅಕ್ಕ ಗಣಿತದ ಮೇಷ್ಟ್ರ ಹತ್ತಿರ ಮಾತಾಡಿ ಬಂದಿದ್ದಾಳೆ. ವಾರಕ್ಕೆರಡು ದಿನ ಅವರೇ ಸಂಜೆ ಕೂಡಿಸಿಕೊಂಡು ಹೇಳಿಕೊಡ್ತಾರಂತೆ. ಇನ್ನೂ ಕಡಿಮೆಯಾಗದಿದ್ದರೆ ಡಾಕ್ಟರ್ ಹತ್ತಿರ ಹೋಗೋದು ಅಂತ ಮಾತಾಗಿದೆ.

ಇವತ್ತು ನಂಬರಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: "ಮಾಮಾ, ನಿನ್ನ ಮೂಗಿಂದು ಎಷ್ಟಾತು?"

ಎಣಿಸ್ತಾ ಇದ್ದೀನಿ.