ಒಂದೇ ಹೆಸರು, ಎರಡು ನೊಣ

‘ಹಣ್ಣಿನ ನೊಣ’ ಎಂಬ ಹೆಸರನ್ನು ನಾವು ಎರಡು ಬೇರೆ ಬೇರೆ ಕುಟುಂಬದ ನೊಣಗಳಿಗೆ ಕೊಟ್ಟಿದ್ದೇವೆ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಕೆಂಗಣ್ಣಿನ ಪುಟ್ಟ ನೊಣ ಡ್ರೊಸೊಫಿಲ. ಅನುವಂಶೀಯತೆಯ ಪಾಠಕ್ಕೆ ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಸಾಕಲೆಂದೇ ಒಂದು ಕೇಂದ್ರವಿದೆ. ಹುಳಿತ ಹಣ್ಣಿನ ಯೀಸ್ಟ್ ತಿಂದು ಬದುಕುವ ಇದು ನಮ್ಮ ರೈತನಿಗೆ ಶತ್ರುವಲ್ಲ. ಶತ್ರುವೆಂದರೆ ಬ್ಯಾಕ್ಟ್ರೊಸೆರ. ಅದು ಗಿಡದಲ್ಲಿರುವ ಗಟ್ಟಿ ಕಾಯಿಯ ಸಿಪ್ಪೆಯನ್ನೇ ಚುಚ್ಚಿ ಮೊಟ್ಟೆಯಿಡುತ್ತದೆ.

ಹಳೇಬೀಡಿನ ಕಡೆಯ ರೈತರೊಬ್ಬರು, ನಮ್ಮ ವಿದ್ಯಾರ್ಥಿಯ ತಂದೆ, ಒಂದು ಚೀಲ ಹುಳುಕು ಸೀಬೆಹಣ್ಣು ತಂದರು. “ಮೇಷ್ಟ್ರೇ, ತೋಟದ ತುಂಬಾ ಸಣ್ಣ ನೊಣ. ಔಷಧಿ ಹೊಡೆದುಬಿಡ್ತೀನಿ. ನಾಳಿದ್ದು ಅರಸೀಕೆರೆ ಸಂತೆಗೆ ಹಾಕ್ಬೇಕು” ಎಂದರು. ಹೊಡೆದ ವಿಷ ಒಳಗಿನ ಹುಳಕ್ಕೆ ತಾಗದು, ಹಣ್ಣು ತಿನ್ನುವ ಮಕ್ಕಳ ಹೊಟ್ಟೆಗೆ ಹೋದೀತು. “ಈ ಸಂತೆಗೆ ಒಳ್ಳೇ ಹಣ್ಣು ಆರಿಸಿ ಹಾಕಿ. ಔಷಧಿಯ ಮಾತು ಆಮೇಲೆ” ಎಂದೆ.

ಮಕ್ಕಳು ಜಾಡಿಯಲ್ಲಿ ತುಸು ಒದ್ದೆ ಮರಳು ಹರಡಿ, ಹಣ್ಣಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿದರು. ಬಿಳಿ ಹುಳುಗಳು ಹೊರಬಿದ್ದು, ಮೈಯನ್ನು ಬಿಲ್ಲಿನಂತೆ ಬಾಗಿಸಿ ಚಂಗನೆ ನೆಗೆದು ಮರಳು ಸೇರಿದವು. ಸುಮಾರು ಹತ್ತು ದಿನಕ್ಕೆ ಕಣಜವನ್ನು ಹೋಲುವ ನೊಣಗಳು ಹೊರಬಂದವು. ಎದೆಯ ಮೇಲೆ ಹಳದಿ ಪಟ್ಟೆ, ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ಯಂಥ ಕಪ್ಪು ಗುರುತು, ರೆಕ್ಕೆಯ ಮುಂದಂಚಿನಲ್ಲಿ ತುಂಡಾಗದ ಕಪ್ಪುಗೆರೆ. ಸೀಬೆಯಲ್ಲೇ ಸಿಗುವ ಬ್ಯಾಕ್ಟ್ರೊಸೆರ ಕರೆಕ್ಟದಲ್ಲಿ ಈ ಗೆರೆ ತುಂಡಾಗಿರುತ್ತದೆ. ಆದ್ದರಿಂದ ಇದು ಬ್ಯಾಕ್ಟ್ರೊಸೆರ ಡಾರ್ಸಾಲಿಸ್.

ಗುರುತಿಸುವುದು ತಜ್ಞರಿಗೂ ಸುಲಭವಲ್ಲ. 2003ರಲ್ಲಿ ಕೀನ್ಯಾದಲ್ಲಿ ಕಂಡ ನೊಣಕ್ಕೆ 2005ರಲ್ಲಿ ‘ಇನ್ವೇಡೆನ್ಸ್’ ಎಂಬ ಹೊಸ ಹೆಸರಿಟ್ಟರು. 2015ರಲ್ಲಿ ಅದೂ ಡಾರ್ಸಾಲಿಸ್ಸೇ ಎಂದು ತೀರ್ಮಾನಿಸಿದರು. ಹಣ್ಣಿನ ನೊಣಗಳ ಕಾರಣದಿಂದಲೇ 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ನಮ್ಮ ಮಾವು, ಹಾಗಲ, ಪಡವಲಗಳನ್ನು ತಡೆದಿತ್ತು. ಮಾವಿನ ಮೇಲಿನ ತಡೆ 2015ರಲ್ಲಿ ತೆರವಾಯಿತು.

ಹೆಸರು ತಿಳಿದರೆ ಉಪಾಯವೂ ತಿಳಿಯುತ್ತದೆ. ಡಾರ್ಸಾಲಿಸ್ಸಿನ ಗಂಡು ಮಿಥೈಲ್ ಯೂಜಿನಾಲ್ ವಾಸನೆಗೆ ಓಡಿಬರುತ್ತದೆ. ಆ ರೈತರು ಮರಗಳಿಗೆ ಮೋಹಕ ಬಲೆಯ ಡಬ್ಬಿ ಕಟ್ಟಿದರು. ಉದುರಿದ ಹಣ್ಣನ್ನು ದಿನವೂ ಆಯ್ದು ಆಳವಾಗಿ ಹೂತರು. ಬುಡದ ಮಣ್ಣು ಕೆದಕಿ ಕೋಶಗಳನ್ನು ಬಿಸಿಲಿಗೊಡ್ಡಿದರು. ಮರುವರ್ಷ ಹುಳ ಪೂರ್ತಿ ನಿಲ್ಲಲಿಲ್ಲ, ಆದರೆ ಸಂತೆಗೆ ಹೋಗುವ ಚೀಲಗಳು ಹೆಚ್ಚಿದವು.

ಬೇಲೂರಿನಲ್ಲಿ ಸಿಕ್ಕಾಗ ಅವರು ಕೇಳಿದರು: “ಹಾಗಲ ಬಳ್ಳಿಗೂ ಇದೇ ಡಬ್ಬಿ ಕಟ್ಲಾ ಮೇಷ್ಟ್ರೇ?” ಬೇಡವೆಂದೆ. ಹಾಗಲಕ್ಕೆ ಹೆಚ್ಚಾಗಿ ಬರುವ ನೊಣ ಬೇರೆ; ಅದರ ಗಂಡು ಒಲಿಯುವುದು ಕ್ಯೂಲೂರ್ ಎಂಬ ಇನ್ನೊಂದು ವಾಸನೆಗೆ. ಹುಳುಕು ಹಾಗಲಕಾಯಿ ನಾಲ್ಕು ಕಳಿಸಿ, ಜಾಡಿಯಲ್ಲಿಟ್ಟು ನೋಡೋಣ ಎಂದೆ.