ಮತ್ತೆ ಮುರಿದ ಅಚ್ಚು

ಸೈಕಲ್ಲಿನ ಚಕ್ರ ತಿರುಗುತ್ತದೆ. ಅದರ ಅಚ್ಚು ತಿರುಗುವುದಿಲ್ಲ. ಎತ್ತಿನ ಗಾಡಿಯ ಅಚ್ಚಿನಂತೆ ಅದು ನಿಂತಲ್ಲಿಯೇ ನಿಂತು, ತನ್ನ ಸುತ್ತ ಚಕ್ರವನ್ನು ತಿರುಗಗೊಟ್ಟು, ಸವಾರನ ಭಾರವನ್ನು ಹೊರುತ್ತದೆ. ಸೈಕಲ್ ಷಾಪಿನವರು ಇದನ್ನು ಆಕ್ಸಲ್ ಎನ್ನುತ್ತಾರೆ. ದಪ್ಪದಲ್ಲಿ ಸುಮಾರು ಹತ್ತು ಮಿಲಿಮೀಟರ್, ಉದ್ದದಲ್ಲಿ ಒಂದು ಗೇಣಿಗಿಂತ ಕಡಿಮೆ. ಮೈಮೇಲೆಲ್ಲ ತಿರುಪಿನ ಗೆರೆಗಳುಳ್ಳ ಒಂದು ಉಕ್ಕಿನ ಕಡ್ಡಿ. ಸವಾರನ ತೂಕದಲ್ಲಿ ಹೆಚ್ಚಿನ ಪಾಲು, ಕ್ಯಾರಿಯರಿನ ಮೇಲೆ ಕುಳಿತವರು, ಕಟ್ಟಿದ ಮೂಟೆ, ಇವೆಲ್ಲವೂ ಹಿಂದಿನ ಚಕ್ರದ ಈ ಕಡ್ಡಿಯ ಮೇಲೆಯೇ ಬೀಳುತ್ತವೆ. ಅದು ಚಕ್ರದ ನಡುವೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮುರಿದಾಗ ಮಾತ್ರ ನೆನಪಾಗುತ್ತದೆ.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಸೀಮೆಯನ್ನು ಕಂಡವರಿಗೆ ಸೈಕಲ್ಲಿನ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಬಾಬಾಬುಡನ್ ಬೆಟ್ಟಸಾಲು, ಇನ್ನೊಂದು ಕಡೆ ರಾಗಿ ಬೆಳೆಯುವ ಬಯಲು. ನಡುವೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲು, ಮಳೆ ಹಿಡಿದರೆ ತುಂಬಿ ನಿಲ್ಲುವ ಮದಗದ ಕೆರೆ, ಅಲ್ಲಲ್ಲಿ ಚದುರಿದ ಹಟ್ಟಿಗಳು ಮತ್ತು ತೋಟದ ಮನೆಗಳು. ಆ ಹಟ್ಟಿಗಳಿಂದ ಪ್ರೌಢಶಾಲೆಗೆ ಬರುವ ಮಕ್ಕಳಿಗೆ ಬಸ್ಸು ಸಿಕ್ಕುವುದು ಅದೃಷ್ಟದ ಮಾತಾಗಿತ್ತು. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರವು ಉಚಿತವಾಗಿ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಅದಕ್ಕೆ ಮೊದಲು ಅಪ್ಪನ ಹಳೆಯ ಸೈಕಲ್ಲೇ ಮಗನ ಓದಿಗೆ ಆಧಾರ.

1994ರ ಮಳೆಗಾಲದಲ್ಲಿ ನಾನು ಆ ಭಾಗದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ದೂರದ ಹಟ್ಟಿಯಿಂದ, ಕ್ಯಾರಿಯರಿನ ಮೇಲೆ ತಂಗಿಯನ್ನು ಕೂರಿಸಿಕೊಂಡು ಬರುತ್ತಿದ್ದ. ಜೂನ್ ತಿಂಗಳಿನಿಂದ ದಸರಾ ರಜೆಯವರೆಗಿನ ಅವಧಿಯಲ್ಲಿ ಅವನ ಸೈಕಲ್ಲಿನ ಹಿಂದಿನ ಅಚ್ಚು ಮೂರು ಬಾರಿ ಮುರಿಯಿತು. ಒಂದೊಂದು ಬಾರಿಯೂ ಅಣ್ಣ ತಂಗಿಯರಿಬ್ಬರೂ ಎರಡು ಮೂರು ದಿನ ಶಾಲೆಗೆ ಗೈರುಹಾಜರು. ಮೂರನೆಯ ಬಾರಿ ಅವನ ತಂದೆಯೇ ಶಾಲೆಗೆ ಬಂದರು. “ಇವನಿಗೆ ಸೈಕಲ್ ತುಳಿಯೋಕೆ ಬರಲ್ಲ ಮೇಷ್ಟ್ರೇ. ಗುಂಡಿ ನೋಡದೆ ಓಡಿಸ್ತಾನೆ. ಆಕ್ಸಲ್‌ಗೆ ದುಡ್ಡು ಹಾಕಿ ಹಾಕಿ ಸಾಕಾಯ್ತು. ಸೈಕಲ್ ಮಾರಿಬಿಡ್ತೀನಿ, ಹುಡುಗಿ ಮನೇಲಿರಲಿ, ಇವನು ಕುರಿ ಕಾಯಲಿ” ಎಂದರು. ಹುಡುಗ ತಲೆತಗ್ಗಿಸಿ ನಿಂತಿದ್ದ. ಗುಂಡಿಗಳನ್ನು ತಪ್ಪಿಸಿಯೇ ಓಡಿಸುತ್ತೇನೆಂದು ಅವನು ಎಷ್ಟೋ ಬಾರಿ ಹೇಳಿದ್ದನಂತೆ. ಆದರೆ ಮುರಿದ ಕಬ್ಬಿಣ ಎದುರಿಗಿರುವಾಗ ಹುಡುಗನ ಮಾತನ್ನು ನಂಬುವವರು ಯಾರು?

ಒಂದು ವಾರದ ಅವಕಾಶವನ್ನು ಕೇಳಿಕೊಂಡು, ಆ ಸಂಜೆಯೇ ಹುಡುಗನನ್ನೂ ಸೈಕಲ್ಲನ್ನೂ ಕರೆದುಕೊಂಡು ಕಡೂರಿನ ಒಬ್ಬ ಹಿರಿಯ ಸಾಬರ ಷಾಪಿಗೆ ಹೋದೆ. ನಾನು ಹೊಸ ಅಚ್ಚು ಹಾಕಿಕೊಡಬೇಕೆಂದು ಕೇಳಿದರೆ ಅವರು ಕೇಳಿದ್ದು ಹಳೆಯದನ್ನು! “ಮುರಿದವು ಎಲ್ಲಿವೆ? ಎಲ್ಲಾ ತರಿಸಿ ಮೇಷ್ಟ್ರೇ, ಆಮೇಲೆ ಮಾತಾಡೋಣ” ಎಂದರು. ರೈತನ ಮನೆಯಲ್ಲಿ ಕಬ್ಬಿಣವನ್ನು ಯಾರೂ ಎಸೆಯುವುದಿಲ್ಲ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿದ್ದ ತುಂಡುಗಳನ್ನೆಲ್ಲ ಹುಡುಗ ಮರುದಿನ ಚೀಲದಲ್ಲಿ ಹಾಕಿಕೊಂಡು ಬಂದ.

ಸಾಬರು ತುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೂರೂ ಮುರಿದದ್ದು ಒಂದೇ ಕಡೆ: ಬಲಗಡೆ, ಚೈನಿನ ಬದಿಯಲ್ಲಿ, ಕೋನ್ ಕೂರುವ ಜಾಗದಲ್ಲಿ. ಮುರಿದ ಮುಖವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಮುಖದ ಬಹುಭಾಗ ನುಣ್ಣಗೆ, ತುಕ್ಕು ಹಿಡಿದು ಕಪ್ಪಾಗಿತ್ತು; ಉಳಿದ ಚಿಕ್ಕ ಭಾಗ ಮಾತ್ರ ಒರಟಾಗಿ, ಬೆಳ್ಳಗೆ ಹೊಳೆಯುತ್ತಿತ್ತು. “ಇದು ಆವತ್ತು ಮುರಿದದ್ದಲ್ಲ ಮೇಷ್ಟ್ರೇ, ಆವತ್ತು ಮುರಿದು ಮುಗಿದದ್ದು. ಕಪ್ಪಗಿರೋದು ಮೊದಲೇ ಬಿಟ್ಟ ಬಿರುಕು. ಗುಂಡಿಗೆ ಬಿದ್ದು ಒಂದೇ ಏಟಿಗೆ ಮುರಿದಿದ್ರೆ ಮುಖವೆಲ್ಲ ಬೆಳ್ಳಗೆ ಇರ್ತಿತ್ತು” ಎಂದರು. ಹುಡುಗ ಮೊದಲ ಬಾರಿಗೆ ತಲೆಯೆತ್ತಿ ನೋಡಿದ.

ಸಾಬರು ಅನುಭವದಿಂದ ಅರಿತದ್ದನ್ನು ಲೋಕವು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 1842ರ ಮೇ 8ರಂದು ಫ್ರಾನ್ಸಿನಲ್ಲಿ, ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ನಿನ್ನೆಯವರೆಗೆ ಭಾರ ಹೊತ್ತ ಅಚ್ಚು ಇಂದು ಏಕೆ ಮುರಿಯಿತು ಎಂಬ ಪ್ರಶ್ನೆ ವಿದ್ವಾಂಸರನ್ನು ಕಾಡಿತು. ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ 1850 ಮತ್ತು 1860ರ ದಶಕಗಳಲ್ಲಿ ಪ್ರಯೋಗಗಳನ್ನು ನಡೆಸಿ ಉತ್ತರವನ್ನು ಕಂಡುಕೊಂಡನು: ಒಮ್ಮೆ ಹೇರಿದರೆ ಲೋಹವು ಸುಲಭವಾಗಿ ತಡೆದುಕೊಳ್ಳುವ ಭಾರವನ್ನೇ ಲಕ್ಷಾಂತರ ಬಾರಿ ಹೇರಿ ತೆಗೆದರೆ, ಅದರಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಬೆಳೆದು, ಕೊನೆಗೊಂದು ದಿನ ಅದು ಮುರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಸೈಕಲ್ಲಿನ ಅಚ್ಚು ರೈಲಿನ ಅಚ್ಚಿನಂತೆ ತಿರುಗದಿದ್ದರೂ, ರಸ್ತೆಯ ಒಂದೊಂದು ಕುಲುಕಿಗೂ ಕೂದಲೆಳೆಯಷ್ಟು ಬಾಗಿ ನೆಟ್ಟಗಾಗುತ್ತಲೇ ಇರುತ್ತದೆ.

ಹಾಗಾದರೆ ಈ ಸೈಕಲ್ಲಿನ ಅಚ್ಚು ಮಾತ್ರ ಇಷ್ಟು ಬೇಗ ದಣಿದದ್ದೇಕೆ? ಸಾಬರು ಒಂದೊಂದೇ ಸಂಶಯವನ್ನು ಪರೀಕ್ಷಿಸಿ ಬದಿಗಿಡುತ್ತ ಬಂದರು. ಅಚ್ಚೇ ಕಳಪೆಯೇ? ಮೂರನ್ನೂ ಬೇರೆ ಬೇರೆ ಕಡೆ ಕೊಂಡದ್ದು, ಮೂರೂ ಕಳಪೆಯಾಗಿರಲಾರವು. ಭಾರ ಹೆಚ್ಚಾಯಿತೇ? ಅದೇ ದಾರಿಯಲ್ಲಿ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಬರುವವರ ಅಚ್ಚುಗಳು ವರ್ಷಗಟ್ಟಲೆ ಬಾಳುತ್ತವೆ. ಒಳಗಿನ ಗುಂಡುಗಳು ಸವೆದಿವೆಯೇ? ಹಬ್ ಬಿಚ್ಚಿ ಎಣಿಸಿದರು. ಬದಿಗೆ ಒಂಬತ್ತರಂತೆ ಸರಿಯಾಗಿದ್ದವು. ಕೋನ್ ಬಿಗಿಯಾಗಿದೆಯೇ, ನಟ್ಟು ಸಡಿಲವಾಗಿತ್ತೇ? ಅದೂ ಅಲ್ಲ. ಬಲಗಡೆ ಮುರಿದದ್ದರಲ್ಲಿ ಮಾತ್ರ ಆಶ್ಚರ್ಯವಿಲ್ಲವೆಂದರು. ಫ್ರೀವೀಲ್ ಕೂರುವುದು ಆ ಬದಿಯಲ್ಲಿಯೇ ಆದ್ದರಿಂದ ಅಲ್ಲಿ ಗುಂಡುಗಳ ಸಾಲು ಒಳಕ್ಕೆ ಸರಿದಿರುತ್ತದೆ. ಗುಂಡುಗಳಿಗೂ ಚೌಕಟ್ಟಿಗೂ ನಡುವೆ ಅಚ್ಚು ಹೆಚ್ಚು ಉದ್ದಕ್ಕೆ ಆಧಾರವಿಲ್ಲದೆ ನಿಲ್ಲಬೇಕಾಗುತ್ತದೆ. ದುರ್ಬಲವಾದ ಜಾಗ ಅದೇ. ಆದರೆ ದುರ್ಬಲವಾದ ಜಾಗ ಬೇರೆ, ಅದನ್ನು ಮುರಿಯುವ ಕಾರಣ ಬೇರೆ.

ಕೊನೆಗೆ ಅವರು ಚಕ್ರವನ್ನೇ ಕಳಚಿ ಬದಿಗಿಟ್ಟು, ಅಚ್ಚಿನ ತುದಿಗಳು ಕೂರುವ ಚೌಕಟ್ಟಿನ ಎರಡು ಸೀಳುಕಿವಿಗಳನ್ನು ನೋಡಿದರು. ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ. ಆಗ ಮುರಿದ ಅಚ್ಚುಗಳಲ್ಲಿ ಉದ್ದನೆಯ ಎರಡು ತುಂಡುಗಳನ್ನು ಆರಿಸಿ, ಒಂದನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಒಳಹೊರಗಿನ ನಟ್ಟುಗಳಿಂದ ಬಿಗಿದರು. ಕಿವಿಗಳು ಸರಿಯಾಗಿದ್ದರೆ ಎರಡು ತುಂಡುಗಳ ತುದಿಗಳೂ ನಡುವೆ ಎದುರುಬದುರಾಗಿ ಸಂಧಿಸಬೇಕು. ಎಡಗಡೆಯದು ನೇರವಾಗಿ ನಿಂತಿತ್ತು. ಬಲಗಡೆಯದು ಒಂದು ಬೆರಳಿನ ದಪ್ಪದಷ್ಟು ಕೆಳಕ್ಕೆ ನೋಡುತ್ತಿತ್ತು. ಬಲಗಿವಿ ತಿರುಚಿಕೊಂಡಿತ್ತು! ವಿಚಾರಿಸಿದಾಗ, ಹಿಂದಿನ ಬೇಸಗೆಯಲ್ಲಿ ತೆಂಗಿನಕಾಯಿಯ ಮೂಟೆ ಹೇರಿದ್ದ ಸೈಕಲ್ ಬಲಕ್ಕೆ ಉರುಳಿ ಕಲ್ಲಿನ ಮೇಲೆ ಬಿದ್ದಿತ್ತೆಂದು ತಿಳಿಯಿತು. ಅಂದು ಅದನ್ನು ತಳ್ಳಿಕೊಂಡು ಹೋಗುತ್ತಿದ್ದವರು ಹುಡುಗನ ತಂದೆ. ಅಂದಿನಿಂದ ನೆಟ್ಟಗಿನ ಅಚ್ಚನ್ನು ಓರೆಯಾದ ಕಿವಿಗೆ ಸೇರಿಸಿ ನಟ್ಟು ಬಿಗಿದಾಗಲೆಲ್ಲ, ಸವಾರ ಹತ್ತುವ ಮೊದಲೇ ಅಚ್ಚು ಬಾಗಿರುತ್ತಿತ್ತು. ಆ ಬಳಿಕ ರಸ್ತೆಯ ಕುಲುಕುಗಳು ತಮ್ಮ ಕೆಲಸವನ್ನು ಮುಗಿಸುತ್ತಿದ್ದವು. ಎಷ್ಟು ಹೊಸ ಅಚ್ಚುಗಳನ್ನು ಹಾಕಿದರೂ ಗತಿ ಅದೇ.

ಅಲ್ಲಿ ನಿಂತಿದ್ದ ನನಗೆ ಎಂ. ಎ. ತರಗತಿಯಲ್ಲಿ ಓದಿದ ಗ್ರಂಥಸಂಪಾದನಾಶಾಸ್ತ್ರ ನೆನಪಾಯಿತು. ಹಳೆಯ ಕಾವ್ಯವೊಂದರ ಹಲವು ಓಲೆಯ ಪ್ರತಿಗಳಲ್ಲಿ ಒಂದೊಂದರಲ್ಲಿ ಒಂದೊಂದು ತಪ್ಪಿದ್ದರೆ ಅದು ಆಯಾ ಲಿಪಿಕಾರನ ಕೈತಪ್ಪು. ಆದರೆ ಒಂದೇ ವಿಚಿತ್ರವಾದ ತಪ್ಪು ಎಲ್ಲ ಪ್ರತಿಗಳಲ್ಲಿಯೂ ಒಂದೇ ಜಾಗದಲ್ಲಿ ಬಂದರೆ, ಅವೆಲ್ಲಕ್ಕೂ ತಾಯಿಯಾದ ಪ್ರತಿಯಲ್ಲಿಯೇ ಆ ತಪ್ಪು ಇತ್ತೆಂದು ಪಂಡಿತರು ಊಹಿಸುತ್ತಾರೆ. ಸಾಬರು ಆ ಶಾಸ್ತ್ರವನ್ನು ಓದಿದವರಲ್ಲ; ಆದರೆ ಮೂರು ಅಚ್ಚುಗಳನ್ನು ಮೂರು ಪ್ರತಿಗಳಂತೆ ಎದುರಿಗಿಟ್ಟುಕೊಂಡು, ತಪ್ಪು ಅಚ್ಚಿನದಲ್ಲ, ಅದನ್ನು ಹಿಡಿದ ಚೌಕಟ್ಟಿನದೆಂದು ಓದಿದರು.

ಉದ್ದನೆಯ ಸ್ಪ್ಯಾನರಿನಿಂದ ಬಲಗಿವಿಯನ್ನು ಸ್ವಲ್ಪ ಸ್ವಲ್ಪವಾಗಿ ಮಣಿಸಿ, ತುಂಡುಗಳ ತುದಿಗಳು ಎದುರುಬದುರಾದ ಮೇಲೆಯೇ ಸಾಬರು ಹೊಸ ಅಚ್ಚನ್ನು ಏರಿಸಿದರು. ಆ ಅಚ್ಚು ಹುಡುಗ ಹತ್ತನೆಯ ತರಗತಿ ಮುಗಿಸುವವರೆಗೂ ಮುರಿಯಲಿಲ್ಲ. ಅವನ ಬಳಿಕ ಅದೇ ಸೈಕಲ್ಲಿನಲ್ಲಿ ತಂಗಿಯೂ ಪ್ರೌಢಶಾಲೆಯನ್ನು ಮುಗಿಸಿದಳು. ವಿಷಯ ತಿಳಿದ ತಂದೆ ಮಗನಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಮರುವಾರ ಹುಡುಗ ತರಗತಿಯ ಮುಂದಿನ ಸಾಲಿನಲ್ಲಿ ಕುಳಿತಿದ್ದನ್ನು ಮಾತ್ರ ಕಂಡೆ.

ಒಮ್ಮೆ ಮುರಿದದ್ದು ಆಕಸ್ಮಿಕವಿರಬಹುದು. ಅದೇ ಜಾಗದಲ್ಲಿ ಮತ್ತೆ ಮುರಿದರೆ ಆ ‘ಮತ್ತೆ’ ಎಂಬ ಮಾತೇ ಒಂದು ಸಾಕ್ಷಿ. ಒಂದೇ ಕಾಗುಣಿತವನ್ನು ಮತ್ತೆ ಮತ್ತೆ ತಪ್ಪಾಗಿ ಬರೆಯುವ ವಿದ್ಯಾರ್ಥಿಯ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವುದು ಸುಲಭ. ಅವನು ಆ ಮಾತನ್ನು ಹೇಗೆ ಉಚ್ಚರಿಸುತ್ತಾನೆಂದು ಕಿವಿಗೊಟ್ಟು ಕೇಳುವುದು ಕಷ್ಟ. ಮುರಿದದ್ದನ್ನು ಬದಲಾಯಿಸುವುದಕ್ಕೆ ಹಣ ಸಾಕು, ದೂಷಿಸುವುದಕ್ಕೆ ನಾಲಿಗೆ ಸಾಕು. ಕಾರಣವನ್ನು ಕಾಣುವುದಕ್ಕೆ ತಾಳ್ಮೆ ಬೇಕು. ತಪ್ಪು ಮರುಕಳಿಸಿದಾಗ ನಮ್ಮ ಬೆರಳು ಮೊದಲು ತಿರುಗುವುದು ಎದುರು ಮಾತಾಡಲಾರದವರ ಕಡೆಗೆ. ಆ ಬೆರಳನ್ನು ಒಂದು ಗಳಿಗೆ ತಡೆದು, ಮುರಿದ ತುಂಡುಗಳನ್ನೆಲ್ಲ ತರಿಸಿ ಸಾಲಾಗಿ ಇಟ್ಟು ನೋಡುವ ಅಭ್ಯಾಸವನ್ನು ನೀವು ಈ ವಯಸ್ಸಿನಲ್ಲಿಯೇ ಬೆಳೆಸಿಕೊಳ್ಳಿರಿ.